ಸಂಸಾರ ಲಾರಿ ಹತ್ತುವ ಮುನ್ನ

ಜಯನಗರದಿಂದ ಬನಶಂಕರಿಗೆ ಮನೆ ಬದಲಿಸುವವರಿಗೆ ಒಂದು ಅನುಕೂಲವಿದೆ. ಟೆಂಪೊ ಮುಂದೆ ಹೋಗುತ್ತಿದ್ದರೆ ಸ್ಕೂಟರ್ ಹಾಕಿಕೊಂಡು ಹಿಂದೆಯೇ ಹೋಗಬಹುದು. ಬೀರು ಇಳಿಸುವಾಗ ಪಕ್ಕದಲ್ಲಿ ನಿಂತು ‘ನಿಧಾನ, ನಿಧಾನ’ ಅನ್ನಬಹುದು. ಮರೆತು ಬಂದ ಪೊರಕೆ, ಬಕೆಟ್ಟು, ಕರ್ಟನ್ ರಾಡುಗಳಿಗೆ ಸಂಜೆ ಇನ್ನೊಂದು ಟ್ರಿಪ್ ಹೊಡೆಯಬಹುದು. ಅದೇ ಸಂಸಾರ ಬೆಂಗಳೂರಿನಿಂದ ದೆಹಲಿಗೆ ಹೊರಟರೆ ಇದ್ಯಾವುದೂ ನಡೆಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ದಾಟಿ ಹೋಗುವ ದಾರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಪೂರ್ತಿ ಲಾರಿ ನಿಮ್ಮದೇ ಆದರೂ ನಾಲ್ಕೈದು ದಿನ ಬೇಕು. ಹಲವರ ಸಾಮಾನು ಸೇರಿಸಿ ಒಯ್ಯುವ ‘ಪಾರ್ಟ್ ಲೋಡ್’ ಆದರೆ ಇನ್ನೂ ಹೆಚ್ಚು. ಅಷ್ಟೂ ದಿನ ನಿಮ್ಮ ಮನೆ ಯಾವುದೋ ಗೋದಾಮಿನಲ್ಲೋ, ಯಾವುದೋ ಢಾಬಾದ ಮುಂದೋ ನಿಂತಿರುತ್ತದೆ.

ಆ ದಿನಗಳಲ್ಲಿ ನಿಮ್ಮ ಪರವಾಗಿ ಮಾತಾಡುವುದು ಲಾರಿ ಹೊರಡುವ ಮುಂಚೆ ಬರೆಸಿಕೊಂಡ ಕಾಗದವೊಂದೇ. ಟೇಪು, ಬಬಲ್ ರ‍್ಯಾಪು, ರಟ್ಟಿನ ಪೆಟ್ಟಿಗೆಗಳ ಚಿಂತೆಯನ್ನು ದುಡ್ಡು ಕೊಟ್ಟರೆ ಯಾರಾದರೂ ಹೊರುತ್ತಾರೆ. ಯಾವುದು ಹೋಗಬೇಕು, ಯಾವುದು ಬೇಡ, ಯಾವುದಕ್ಕೆ ಎಷ್ಟು ಬೆಲೆ ಬರೆಸಬೇಕು, ಯಾವ ಕಚೇರಿಯಿಂದ ಏನು ತರಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸಬೇಕು. ಅದು ಕೊನೆಯ ವಾರದಲ್ಲಿ ಮುಗಿಯುವ ಕೆಲಸವಲ್ಲ. ಒಂದೂವರೆ ತಿಂಗಳು ಮುಂಚೆ ಶುರುಮಾಡಿದವರಿಗೆ ಉಸಿರಾಡಲು ಸಮಯ ಸಿಗುತ್ತದೆ.

ದಿನ ಗೊತ್ತುಮಾಡುವುದು

ನಮ್ಮಲ್ಲಿ ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. ಪಂಚಾಂಗ ನೋಡದವರಿಗೆ ಇದರಿಂದ ಲಾಭವೇ ಇದೆ. ಬೇಡಿಕೆ ತಗ್ಗಿದಾಗ ಪ್ಯಾಕರ್ಸ್‌ನವರು ದರದಲ್ಲಿ ಬಗ್ಗುತ್ತಾರೆ. ಏಪ್ರಿಲ್-ಮೇ ರಜೆಯಲ್ಲಿ, ತಿಂಗಳ ಕೊನೆಯ ಶನಿವಾರ-ಭಾನುವಾರಗಳಲ್ಲಿ ಅವರು ಬಗ್ಗುವುದಿಲ್ಲ. ತಿಂಗಳ ನಡುವಿನ ಬುಧವಾರವೋ ಗುರುವಾರವೋ ಆದರೆ ಒಳ್ಳೆಯ ಕೆಲಸಗಾರರೂ ಸಿಗುತ್ತಾರೆ, ಆತುರವೂ ಇರುವುದಿಲ್ಲ.

ತಲುಪುವ ಊರಿನ ಕ್ಯಾಲೆಂಡರನ್ನೂ ನೋಡಬೇಕು. ಚಳಿಗಾಲದಲ್ಲಿ ದೆಹಲಿಯ ಗಾಳಿ ತೀರಾ ಕೆಟ್ಟಾಗ ‘ಗ್ರಾಪ್’ ಎಂಬ ನಿರ್ಬಂಧ ಹಂತಹಂತವಾಗಿ ಜಾರಿಯಾಗುತ್ತದೆ. ಅದರ ನಾಲ್ಕನೇ ಹಂತದಲ್ಲಿ ಅಗತ್ಯ ವಸ್ತುಗಳನ್ನು ಹೊತ್ತವು, ಸಿಎನ್‌ಜಿ, ವಿದ್ಯುತ್ ಅಥವಾ ಬಿಎಸ್-6 ಡೀಸೆಲ್‌ನವು ಬಿಟ್ಟರೆ ಉಳಿದ ಲಾರಿಗಳಿಗೆ ನಗರದೊಳಗೆ ಪ್ರವೇಶವಿಲ್ಲ. ನಿಮ್ಮ ಸೋಫಾ ಅಗತ್ಯ ವಸ್ತುಗಳ ಪಟ್ಟಿಯಲ್ಲಿಲ್ಲ. ನವೆಂಬರ್‌ನಿಂದ ಜನವರಿಯೊಳಗೆ ಹೋಗಲೇಬೇಕಾದರೆ ಲಾರಿ ಬಿಎಸ್-6 ಹೌದೋ ಅಲ್ಲವೋ ಕೇಳಿ ಬರೆಸಿಕೊಳ್ಳಿ. ಬೇರೆ ದಿನಗಳಲ್ಲೂ ದೊಡ್ಡ ಲಾರಿಗಳಿಗೆ ಹಗಲಿನ ಹಲವು ಗಂಟೆ ನೋ ಎಂಟ್ರಿ. ಹಾಗಾಗಿ ಸಾಮಾನು ರಾತ್ರಿ ಇಳಿಯುವ ಸಾಧ್ಯತೆಯೇ ಹೆಚ್ಚು. ಹೊಸ ಅಪಾರ್ಟ್‌ಮೆಂಟಿನವರು ರಾತ್ರಿ ಲಿಫ್ಟ್ ಬಳಸಲು ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ.

ಇತ್ತ ಬೆಂಗಳೂರಿನ ಮನೆ ಮಾಲೀಕರಿಗೆ ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಾದರೂ ಬರವಣಿಗೆಯಲ್ಲೇ ಕೊಡಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೆ. ಹಳೆಯ ಕರಾರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರು ಇಲ್ಲಿ ಈಗಲೂ ಇದ್ದಾರೆ. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದೂ ಇಲ್ಲಿನ ರೂಢಿ. ದೆಹಲಿಯಲ್ಲಿ ಕೂತು ಉಳಿದ ಹಣ ವಸೂಲಿ ಮಾಡುವುದು ಕಷ್ಟ. ಯಾವ ದಿನ ಎಷ್ಟು ವಾಪಸ್ ಎಂಬುದು ಕೀಲಿ ಕೊಡುವ ಮುಂಚೆ ಇತ್ಯರ್ಥವಾಗಲಿ. ಗೃಹಜ್ಯೋತಿಯ ಫಲಾನುಭವಿಗಳಾಗಿದ್ದರೆ ಆ ಮನೆಯ ಆರ್‌ಆರ್ ಸಂಖ್ಯೆಯಿಂದ ನಿಮ್ಮ ಆಧಾರ್ ಅನ್ನು ಡಿ-ಲಿಂಕ್ ಮಾಡಿಸಿ, ಕೊನೆಯ ಬಿಲ್ ಕಟ್ಟಿದ ರಸೀದಿ ಇಟ್ಟುಕೊಳ್ಳಿ.

ಎಲ್ಲವೂ ಹೋಗಬೇಕಿಲ್ಲ

ದೂರದ ಸಾಗಾಟದಲ್ಲಿ ನೀವು ದುಡ್ಡು ಕೊಡುವುದು ಮುಖ್ಯವಾಗಿ ಜಾಗಕ್ಕೆ. ಎರಡು ಬೆಡ್‌ರೂಮಿನ ಮನೆಯ ಸಾಮಾನು ಸಾಮಾನ್ಯವಾಗಿ 14 ಅಡಿಯ ಲಾರಿಯಲ್ಲಿ ಹಿಡಿಸುತ್ತದೆ. ಅಟ್ಟದ ಮೇಲಿನದ್ದೆಲ್ಲ ಇಳಿಸಿ ತುಂಬಿದರೆ 17 ಅಡಿಯದು ಬೇಕಾಗುತ್ತದೆ. ಆ ಮೂರು ಅಡಿಯಲ್ಲಿ ಕೂರುವುದು ಹೆಚ್ಚಾಗಿ ಒಡೆದ ಪ್ಲಾಸ್ಟಿಕ್ ಕುರ್ಚಿ, ಹಳೇ ಹಾಸಿಗೆ, ಯಾರೂ ಓಡಿಸದ ಎಕ್ಸರ್‌ಸೈಜ್ ಸೈಕಲ್.

ಪ್ರತಿ ದೊಡ್ಡ ವಸ್ತುವಿನ ಮುಂದೆಯೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ದೆಹಲಿಯಲ್ಲಿ ಇಂಥದ್ದೇ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತದೆ? ಸಾಗಿಸುವ ಖರ್ಚಿಗಿಂತ ಅದೇ ಅಗ್ಗವಾದರೆ ಇಲ್ಲೇ ಮಾರಿ. ತೇಗದ ಮಂಚ, ಅಜ್ಜಿ ಕಾಲದ ಬೀಟೆ ಪೆಟ್ಟಿಗೆ ಎಷ್ಟು ದೂರವಾದರೂ ಬರುತ್ತವೆ. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ಬರುವುದಿಲ್ಲ. ಒಮ್ಮೆ ಬಿಚ್ಚಿದ ಸ್ಕ್ರೂ ತೂತು ಮತ್ತೆ ಬಿಗಿಯಾಗಿ ಹಿಡಿಯುವುದಿಲ್ಲ, ಬಾಗಿಲು ಜೋತುಬೀಳುತ್ತದೆ. ಇನ್ವರ್ಟರಿನ ಬ್ಯಾಟರಿಯಲ್ಲಿ ಆಮ್ಲವಿರುತ್ತದೆ. ಅದನ್ನು ಇಲ್ಲೇ ಅಂಗಡಿಗೆ ಕೊಟ್ಟು, ಅಲ್ಲಿ ಹೊಸದು ಹಾಕಿಸುವುದು ವಾಸಿ. ಎ.ಸಿ.ಯದು ಉಲ್ಟಾ ಲೆಕ್ಕ. ಬೆಂಗಳೂರಲ್ಲಿ ಅದಿಲ್ಲದೆ ನಡೆಯುತ್ತಿತ್ತು, ದೆಹಲಿಯ ಮೇ-ಜೂನ್ ನಡೆಸಲು ಬಿಡುವುದಿಲ್ಲ. ಬಿಚ್ಚುವ ಮುಂಚೆ ಮೆಕ್ಯಾನಿಕ್ಕಿನಿಂದ ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಇಳಿಸಿಕೊಂಡರೆ ಅಲ್ಲಿ ಮತ್ತೆ ತುಂಬಿಸುವ ಖರ್ಚು ಉಳಿಯಬಹುದು.

ಪುಸ್ತಕಗಳ ಮಾತು ಬೇರೆ. ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆಗೆ ಪೂರ್ತಿ ಪುಸ್ತಕ ತುಂಬಿದರೆ ತೂಕ 50 ಕಿಲೋ ದಾಟುತ್ತದೆ. ಎತ್ತುವವನ ಬೆನ್ನೂ ಹೋಗುತ್ತದೆ, ಪೆಟ್ಟಿಗೆಯ ತಳವೂ ಹೋಗುತ್ತದೆ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, ದಿಂಬು-ರಜಾಯಿಗೆ ದೊಡ್ಡ ಪೆಟ್ಟಿಗೆ. ಈ ಒಂದು ನಿಯಮ ಮನೆಯವರೆಲ್ಲರಿಗೂ ಗೊತ್ತಿದ್ದರೆ ಅರ್ಧ ಪ್ಯಾಕಿಂಗ್ ಸರಿಯಾದಂತೆ.

ಲಾರಿಗೆ ಹಾಕಲೇಬಾರದವೂ ಇವೆ: ಒಡವೆ, ನಗದು, ಆಸ್ತಿ ಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ದೇವರ ವಿಗ್ರಹ. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಪೇಂಟ್, ಡಬ್ಬಿಯಲ್ಲಿ ಉಳಿದ ಅಡುಗೆ ಎಣ್ಣೆಗೂ ಲಾರಿಯಲ್ಲಿ ಜಾಗವಿಲ್ಲ. ಉಪ್ಪಿನಕಾಯಿ ಜಾಡಿ ಒಂದು ಸಾಕು ಎಲ್ಲರ ಬಟ್ಟೆಗೂ ಬಣ್ಣ ಹಾಕಲು.

ಬಾಯಿಮಾತಿನ ರೇಟು

ಫೋನಿನಲ್ಲೇ ‘ಎರಡು ಬೆಡ್‌ರೂಮ್ ತಾನೆ ಸಾರ್, ಇಷ್ಟಾಗುತ್ತೆ’ ಎಂದು ಹೇಳುವ ರೇಟಿಗೆ ಬೆಲೆಯಿಲ್ಲ. ಮನೆಗೆ ಬಂದು, ಇಲ್ಲವೇ ವೀಡಿಯೊ ಕರೆಯಲ್ಲಿ ಅಟ್ಟ, ಬಾಲ್ಕನಿ, ಮಂಚದ ಕೆಳಗಿನದನ್ನೂ ನೋಡಿ ಲಿಖಿತ ಕೊಟೇಷನ್ ಕೊಟ್ಟವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಲಾರಿ ಎಷ್ಟು ಅಡಿಯದು, ನಿಮ್ಮ ಸಾಮಾನು ಮಾತ್ರವೋ ಬೇರೆಯವರದೂ ಸೇರುತ್ತದೋ, ದಾರಿಯಲ್ಲಿ ಇನ್ನೊಂದು ಲಾರಿಗೆ ಬದಲಿಸುತ್ತಾರೋ, ಟೋಲ್, ಜಿಎಸ್‌ಟಿ, ಮಹಡಿ ಹತ್ತಿಸುವ ಕೂಲಿ, ಬಿಚ್ಚಿ ಜೋಡಿಸುವ ಕೆಲಸ ಎಲ್ಲ ಒಳಗೊಂಡಿದೆಯೋ, ಯಾವ ದಿನದಿಂದ ಯಾವ ದಿನದೊಳಗೆ ತಲುಪುತ್ತದೆ – ಇಷ್ಟೂ ಅದರಲ್ಲಿರಬೇಕು.

ಈ ವ್ಯವಹಾರದ ಹಳೆಯ ಮೋಸ ಒಂದೇ ಬಗೆಯದು. ಎಲ್ಲರಿಗಿಂತ ಕಡಿಮೆ ಹೇಳಿ ಸಾಮಾನು ಹತ್ತಿಸಿಕೊಳ್ಳುತ್ತಾರೆ. ಲಾರಿ ಊರು ದಾಟಿದ ಮೇಲೆ ‘ಸಾಮಾನು ಜಾಸ್ತಿ ಇತ್ತು, ಇನ್ನೂ ಇಷ್ಟು ಹಾಕಿ’ ಎಂಬ ಫೋನು ಬರುತ್ತದೆ. ಮನೆಯೇ ಅವರ ಕೈಯಲ್ಲಿರುವಾಗ ಚೌಕಾಸಿಗೆ ಎಲ್ಲಿ ಅವಕಾಶ? ಹೆಸರಾಂತ ಕಂಪನಿಗಳ ಹೆಸರಿಗೆ ಒಂದಕ್ಷರ ಸೇರಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕೊಟೇಷನ್ನಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಅದೇ ಹೆಸರು ಬರುತ್ತದೆಯೇ ನೋಡಿ. ‘ಐಬಿಎ ಅನುಮೋದಿತ’ ಎಂದು ಬೋರ್ಡಿನಲ್ಲಿದ್ದರೆ ಭಾರತೀಯ ಬ್ಯಾಂಕುಗಳ ಸಂಘದ ಪಟ್ಟಿಯಲ್ಲೇ ಹುಡುಕಿ. ಬ್ಯಾಂಕ್ ನೌಕರರ ವರ್ಗಾವಣೆ ಬಿಲ್ಲಿಗೆ ಆ ಪಟ್ಟಿ ಬೇಕಾಗುವುದರಿಂದ ಆ ಹೆಸರಿಗೆ ಅಷ್ಟು ಬೆಲೆ.

‘ಇ-ವೇ ಬಿಲ್ ಖರ್ಚು’ ಎಂದು ಬೇರೆ ದುಡ್ಡು ಕೇಳುವವರೂ ಇದ್ದಾರೆ. ಜಿಎಸ್‌ಟಿ ನಿಯಮ 138ರ ಅನುಬಂಧದಲ್ಲಿ ಬಳಸಿದ ವೈಯಕ್ತಿಕ ಮತ್ತು ಗೃಹಬಳಕೆಯ ವಸ್ತುಗಳಿಗೆ ಇ-ವೇ ಬಿಲ್‌ನಿಂದ ವಿನಾಯಿತಿ ಇದೆ. ಆದರೆ ಹೋಗುವ ಮುಂಚಿನ ವಾರ ಕೊಂಡು ಡಬ್ಬಿಯೂ ಬಿಚ್ಚದ ಟಿ.ವಿ. ‘ಬಳಸಿದ’ ವಸ್ತುವಾಗುವುದಿಲ್ಲ. ಅದರ ಬಿಲ್ ಜೊತೆಗಿರಲಿ.

ಪಟ್ಟಿಯ ಒಂದು ಸಾಲು

ಪ್ಯಾಕಿಂಗ್ ದಿನ ಸೂಪರ್‌ವೈಸರ್ ಒಂದು ಪಟ್ಟಿ ಬರೆಯುತ್ತಾನೆ. ಅವಸರದಲ್ಲಿ ಅದು ಹೀಗಿರುತ್ತದೆ: ‘ಕಿಚನ್ ಐಟಂ – 6 ಬಾಕ್ಸ್. ಫ್ರಿಜ್ – 1, ಓಲ್ಡ್, ಸ್ಕ್ರ್ಯಾಚ್ಡ್. ಟಿ.ವಿ. – 1, ಓಲ್ಡ್, ಸ್ಕ್ರ್ಯಾಚ್ಡ್.’ ಹೋದ ವರ್ಷ ಕೊಂಡ, ಗೆರೆಯೂ ಇಲ್ಲದ ಫ್ರಿಜ್ಜಿಗೂ ಅದೇ ಎರಡು ಪದ. ದಾರಿಯಲ್ಲಿ ಅದರ ಬಾಗಿಲು ನೆಗ್ಗಿದರೆ ‘ಮೊದಲೇ ಹಾಗಿತ್ತು’ ಎನ್ನಲು ನೀವೇ ಸಹಿ ಹಾಕಿಕೊಟ್ಟಂತಾಯಿತು.

ಅದೇ ಸಾಲನ್ನು ಹೀಗೆ ಬರೆಸಿ: ‘ಫ್ರಿಜ್ – 1, ಎರಡು ಬಾಗಿಲು, ಕಂಪನಿ, ಮಾಡೆಲ್, ಸೀರಿಯಲ್ ಸಂಖ್ಯೆ, ಬಲಬದಿ ಕೆಳಗೆ ಒಂದು ಸಣ್ಣ ಗೆರೆ, ಉಳಿದಂತೆ ಸುಸ್ಥಿತಿ, ಮೌಲ್ಯ 22,000.’ ಅಡುಗೆಮನೆಯ ಪೆಟ್ಟಿಗೆಗೆ: ‘ಬಾಕ್ಸ್ 14 – ಮಿಕ್ಸಿ, ಮೂರು ಜಾರ್, ಸ್ಟೀಲ್ ಡಬ್ಬ 9.’ ಪೆಟ್ಟಿಗೆಯ ಎರಡು ಪಕ್ಕಕ್ಕೂ ಅದೇ ಸಂಖ್ಯೆ ಮಾರ್ಕರಿನಲ್ಲಿರಲಿ, ಮೇಲ್ಭಾಗದಲ್ಲಿ ಬರೆದರೆ ಒಂದರ ಮೇಲೊಂದು ಜೋಡಿಸಿದಾಗ ಕಾಣುವುದಿಲ್ಲ. ಸುತ್ತುವ ಮುಂಚೆ ಪ್ರತಿ ಯಂತ್ರವೂ ಚಾಲೂ ಇರುವಾಗ ಫೋನಿನಲ್ಲಿ ಒಂದು ತುಣುಕು ವೀಡಿಯೊ ತೆಗೆಯಿರಿ. ಟಿ.ವಿ. ಉರಿಯುತ್ತಿರುವುದು, ವಾಷಿಂಗ್ ಮಷಿನ್ ತಿರುಗುತ್ತಿರುವುದು ಅದರಲ್ಲಿ ಕಾಣಲಿ. ಕೊನೆಗೆ ಲಾರಿಯ ನಂಬರ್ ಪ್ಲೇಟಿನದೂ ಒಂದು ಫೋಟೊ. ಸೂಪರ್‌ವೈಸರ್ ಗೊಣಗುತ್ತಾನೆ. ಗೊಣಗಲಿ, ಕಾಫಿ ಕೊಡಿ, ಬರೆಸಿ.

ಹಾನಿಯಾದರೆ ಎಷ್ಟು ಕೊಡುತ್ತಾರೆ?

1865ರ ಬ್ರಿಟಿಷ್ ಕಾಲದ ಕ್ಯಾರಿಯರ್ಸ್ ಕಾಯ್ದೆಯ ಜಾಗಕ್ಕೆ ಬಂದದ್ದು 2007ರ ರಸ್ತೆ ಸರಕು ಸಾಗಣೆ ಕಾಯ್ದೆ. ಅದರ ನಿಯಮಗಳು 2011ರವು. ಅವುಗಳ ಪ್ರಕಾರ ಸಾಮಾನು ಒಪ್ಪಿಸುವವರು ಸರಕಿನ ವಿವರ, ಮೌಲ್ಯ ಬರೆದ ಪತ್ರ ಕೊಡಬೇಕು. ಸಾಗಿಸುವವರು ಗೂಡ್ಸ್ ರಿಸೀಟ್ ಕೊಡಬೇಕು. ಲಾರಿಯವರ ಬಾಯಲ್ಲಿ ಇದೇ ‘ಎಲ್‌ಆರ್’, ಉತ್ತರದ ಕಡೆ ‘ಬಿಲ್ಟಿ’. ಹಾನಿಯಾದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ನೀವು ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ.

ಇದರ ಅರ್ಥ ಲೆಕ್ಕ ಹಾಕಿದರೆ ತಿಳಿಯುತ್ತದೆ. ನೀವು ಕೊಟ್ಟದ್ದು 45,000 ರೂಪಾಯಿ ಎಂದುಕೊಳ್ಳಿ. ರಿಸೀಟಿನಲ್ಲಿ ಸಾಗಣೆ ಬಾಡಿಗೆ 30,000 ಎಂದಿದ್ದರೆ ಹೊಣೆಯ ಮಿತಿ 3 ಲಕ್ಷ. ಪ್ಯಾಕಿಂಗು, ಲೋಡಿಂಗು ಎಂದೆಲ್ಲ ಒಡೆದು ಬಾಡಿಗೆಯನ್ನು 6,000ಕ್ಕೆ ಇಳಿಸಿದ್ದರೆ ಮಿತಿ 60,000ಕ್ಕೆ ಬರುತ್ತದೆ. ಇನ್ನು ವಿಮೆ ಕಂತು ಉಳಿಸಲು ಇಡೀ ಮನೆಯ ಸಾಮಾನಿಗೆ 40,000 ಎಂದು ನೀವೇ ಬರೆದಿದ್ದರೆ ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೇಳುವಂತಿಲ್ಲ. ಕಡಿಮೆ ಬೆಲೆ ಬರೆಸುವುದು ಜಾಣತನದಂತೆ ಕಾಣುತ್ತದೆ, ಕಳೆದುಕೊಂಡ ದಿನ ಮಾತ್ರ ಅದರ ನಿಜವಾದ ಬೆಲೆ ತಿಳಿಯುತ್ತದೆ.

ವಿಮೆಯ ವಿಷಯದಲ್ಲೂ ಕಣ್ಣು ತೆರೆದಿರಬೇಕು. ಪ್ಯಾಕರ್ಸ್‌ನವರು ಮೌಲ್ಯದ ಮೇಲೆ ಇಂತಿಷ್ಟು ಶೇಕಡಾ ಎಂದು ವಸೂಲಿ ಮಾಡುವ ‘ಟ್ರಾನ್ಸಿಟ್ ರಿಸ್ಕ್’ ಹಣ ಎಷ್ಟೋ ಸಲ ವಿಮಾ ಕಂಪನಿಯವರೆಗೆ ಹೋಗುವುದೇ ಇಲ್ಲ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಇರುವ ಸರ್ಟಿಫಿಕೇಟ್ ಲಾರಿ ಹೊರಡುವ ಮುಂಚೆಯೇ ನಿಮ್ಮ ಕೈಗೆ ಬಂದರೆ ಅದು ವಿಮೆ, ಇಲ್ಲವಾದರೆ ಬರೀ ಭರವಸೆ. ರಸ್ತೆ-ರೈಲು ಸಾಗಣೆಯ ಪಾಲಿಸಿಗಳಲ್ಲಿ ಎ, ಬಿ, ಸಿ ಎಂಬ ಮೂರು ಬಗೆಯ ಷರತ್ತುಗಳಿವೆ. ‘ಎ’ ಬಹುತೇಕ ಎಲ್ಲ ಅಪಾಯಗಳಿಗೂ, ‘ಬಿ’ ಹೆಸರಿಸಿದ ಕೆಲವಕ್ಕೆ, ‘ಸಿ’ ಬೆಂಕಿ ಮತ್ತು ಸಿಡಿಲಿಗೆ ಮಾತ್ರ. ಹೊರಗೆ ಗೆರೆಯೂ ಬೀಳದ ಟಿ.ವಿ. ಒಳಗೇ ಕೆಟ್ಟಿದ್ದರೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಯಂತ್ರಗಳ ಸಿದ್ಧತೆ

ಫ್ರಿಜ್ಜನ್ನು ಒಂದು ದಿನ ಮುಂಚೆ ಆರಿಸಿ, ಖಾಲಿ ಮಾಡಿ, ನೀರು ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ. ತೇವ ಉಳಿದರೆ ಐದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ತಂಪಿನ ಕೊಳವೆಗಳಿಗೆ ಹರಿಯುತ್ತದೆ. ತಲುಪಿದ ಮೇಲೂ ಕೆಲವು ಗಂಟೆ ಸುಮ್ಮನೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ.

ಮುಂಬಾಗಿಲಿನ ವಾಷಿಂಗ್ ಮಷಿನ್ ಕೊಂಡಾಗ ಹಿಂಬದಿಯಿಂದ ಬಿಚ್ಚಿ ಕೊಟ್ಟಿದ್ದ ಉದ್ದನೆಯ ಬೋಲ್ಟುಗಳು ನೆನಪಿವೆಯೇ? ಅದರ ಡ್ರಮ್ಮು ಸ್ಪ್ರಿಂಗುಗಳಲ್ಲಿ ತೂಗಾಡುತ್ತಿರುತ್ತದೆ. ಆ ಬೋಲ್ಟುಗಳಿಲ್ಲದೆ ಎರಡು ಸಾವಿರ ಕಿಲೋಮೀಟರ್ ಕುಲುಕಿದರೆ ಏನಾದೀತೆಂದು ಹೇಳಬೇಕಿಲ್ಲ. ಕಳೆದುಹೋಗಿದ್ದರೆ ಸರ್ವಿಸ್ ಸೆಂಟರಿನಿಂದ ತರಿಸಿ. ದೆಹಲಿಯಲ್ಲಿ ಮೊದಲ ಸಲ ಓಡಿಸುವ ಮುಂಚೆ ತೆಗೆಯಲೂ ಮರೆಯಬೇಡಿ.

ದೋಸೆ ಹಿಟ್ಟಿನ ಗ್ರೈಂಡರನ್ನು ಹಾಗೆಯೇ ಸುತ್ತಿ ಕಳಿಸುವವರಿದ್ದಾರೆ. ಒಳಗಿನ ರುಬ್ಬುವ ಕಲ್ಲು ಬಿಡಿಯಾಗಿ ಹೊರಳಾಡಿ ಡ್ರಮ್ಮಿನ ಅಂಚನ್ನೇ ಒಡೆಯುತ್ತದೆ. ಕಲ್ಲನ್ನು ಹೊರತೆಗೆದು, ಗೋಣಿಯಲ್ಲಿ ಸುತ್ತಿ, ಬೇರೆ ಪೆಟ್ಟಿಗೆಯಲ್ಲಿ ಲಾರಿಯ ನೆಲಕ್ಕೇ ಇಡಿಸಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ ಜೋಡಿಸಿದರೆ ಕುಲುಕಾಟಕ್ಕೆ ಕಡಿಮೆ ಒಡೆಯುತ್ತವೆ. ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಒಯ್ಯಿರಿ.

ಗಾಡಿ, ಗ್ಯಾಸು, ಶಾಲೆ

ಕೆಎ ನಂಬರಿನ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಮೋಟಾರು ವಾಹನ ಕಾಯ್ದೆ, 1988ರ 47ನೇ ಸೆಕ್ಷನ್ ಹೀಗೆನ್ನುತ್ತದೆ. ಅದಕ್ಕೆ ಇಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ ಬೇಕು. ಅರ್ಜಿ ನಮೂನೆ 28. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು, ಬಾಕಿ ದಂಡ ಉಳಿದಿರಬಾರದು. ಎನ್‌ಒಸಿಯಲ್ಲಿ ತಲುಪುವ ಆರ್‌ಟಿಒ ಹೆಸರು ಇರುವುದರಿಂದ ದೆಹಲಿಯ ಯಾವ ಭಾಗದಲ್ಲಿ ಮನೆ ಎಂಬುದು ಮೊದಲು ಗೊತ್ತಾಗಬೇಕು. ಅಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆದ ಮೇಲೆ ಇಲ್ಲಿ ಕಟ್ಟಿದ್ದ ಜೀವಾವಧಿ ತೆರಿಗೆಯಲ್ಲಿ ಉಳಿದ ಭಾಗಕ್ಕೆ ಅರ್ಜಿ ಹಾಕಬಹುದು. ಮತ್ತೆ ಮತ್ತೆ ವರ್ಗವಾಗುವ ನೌಕರಿಯವರಿಗೆ 2021ರಲ್ಲಿ ಬಂದ ‘ಬಿಎಚ್’ ಸರಣಿ ಈ ತಿರುಗಾಟ ತಪ್ಪಿಸುತ್ತದೆ. ಗಾಡಿ ಹಳೆಯದಾದರೆ ಎಚ್ಚರ. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಆ ಬಳಿಕವೂ ಆದೇಶಗಳು ಬದಲಾಗುತ್ತಿವೆ. ಸಾಗಿಸುವ ಮುಂಚೆ ಆ ದಿನದ ಸ್ಥಿತಿ ವಿಚಾರಿಸಿ.

ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ, ಡೆಪಾಸಿಟ್ ವಾಪಸ್ ಪಡೆದು, ಟರ್ಮಿನೇಷನ್ ವೋಚರ್ ಇಸಿದುಕೊಳ್ಳಿ. ಹೊಸ ಊರಿನ ಸಂಪರ್ಕಕ್ಕೆ ಅದೇ ಆಧಾರ. ಹೊಸ ಮನೆಗೆ ಪೈಪಿನ ಗ್ಯಾಸ್ ಇದ್ದರೆ ಇಲ್ಲಿಂದ ಒಯ್ದ ಒಲೆಯ ಜೆಟ್ ಬದಲಿಸದೆ ಹಚ್ಚಬೇಡಿ.

ಮಕ್ಕಳಿರುವ ಮನೆಯಲ್ಲಿ ದಿನ ನಿರ್ಧರಿಸುವುದು ಶಾಲೆಯೇ. ದೆಹಲಿಯಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಬೇಸಿಗೆ ರಜೆ ಮುಗಿಸಿ ತೆರೆಯುವಷ್ಟರಲ್ಲಿ ಅಲ್ಲಿ ಒಂದು ತಿಂಗಳಿಗೂ ಹೆಚ್ಚಿನ ಪಾಠ ಆಗಿರುತ್ತದೆ. ರಾಜ್ಯ ಬಿಟ್ಟು ಹೋಗುವವರ ಟಿ.ಸಿ.ಗೆ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವುದುಂಟು. ಊರು ಬಿಟ್ಟ ಮೇಲೆ ಅದನ್ನು ಮಾಡಿಸುವುದು ಪ್ರಯಾಸ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿವರೆಗೆ ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಈ ರಕ್ಷಣೆ ಕೊಟ್ಟಿದೆ. ಕನ್ನಡ ಬಿಡಬಾರದೆನ್ನುವವರಿಗೆ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಇದೆ, ರಾಮಕೃಷ್ಣಪುರಂನಲ್ಲಿ ಕರ್ನಾಟಕ ಸಂಘವಿದೆ. ಮನೆ ಹುಡುಕುವಾಗ ಇವೆರಡೂ ಎಷ್ಟು ದೂರ ಎಂದು ನೋಡಿಕೊಳ್ಳುವವರೂ ಇದ್ದಾರೆ.

ಉಳಿದವು ಅಲ್ಲಿ ಹೋದ ಮೇಲೂ ಆಗುತ್ತವೆ. ಮತದಾರರ ಪಟ್ಟಿಗೆ ನಮೂನೆ 8, ಆಧಾರ್, ಬ್ಯಾಂಕಿನ ವಿಳಾಸ ಎಲ್ಲಕ್ಕೂ ಹೊಸ ಬಾಡಿಗೆ ಕರಾರಿನ ಪ್ರತಿ ಸಾಕಾಗಬಹುದು. ಆಹಾರ ಭದ್ರತಾ ಕಾಯ್ದೆಯ ಪಡಿತರ ಚೀಟಿ ಇರುವವರು ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಅಲ್ಲೇ ಧಾನ್ಯ ಪಡೆಯಬಹುದು. ಹಿರಿಯರಿದ್ದರೆ ಒಂದು ತಿಂಗಳ ಔಷಧ ಮತ್ತು ವೈದ್ಯರ ಚೀಟಿ ಕೈಚೀಲದಲ್ಲಿರಲಿ. ಆರೋಗ್ಯ ವಿಮೆಯವರಿಗೂ ಊರು ಬದಲಾದದ್ದು ತಿಳಿಸಿ. ಕೆಲವು ಪಾಲಿಸಿಗಳಲ್ಲಿ ಊರಿನ ಮೇಲೆ ಕಂತು ನಿಗದಿಯಾಗುತ್ತದೆ.

ಸಹಿ ಹಾಕುವ ಮುಂಚೆ

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ನೀವು ತಲುಪುತ್ತೀರಿ, ಲಾರಿ ಇನ್ನೂ ದಾರಿಯಲ್ಲಿರುತ್ತದೆ. ಒಂದು ವಾರಕ್ಕೆ ಬೇಕಾದ ಬಟ್ಟೆ, ಎರಡು ಪಾತ್ರೆ, ಇಂಡಕ್ಷನ್ ಒಲೆ, ಹೊದಿಕೆ, ಸಾರಿನ ಪುಡಿ, ಕಾಫಿ ಫಿಲ್ಟರ್ ಜೊತೆಯಲ್ಲೇ ಇರಲಿ. ಹಾಲು ಉಕ್ಕಿಸಲು ಲಾರಿ ಕಾಯಬೇಕಿಲ್ಲ.

ಲಾರಿ ಬಂದಾಗ ಮನೆಯವರೊಬ್ಬರು ಬಾಗಿಲಲ್ಲಿ ಪಟ್ಟಿ ಹಿಡಿದು ಕೂತು ಸಂಖ್ಯೆಗೆ ಗುರುತು ಹಾಕುತ್ತ ಹೋಗಲಿ. ಇನ್ನೊಬ್ಬರು ಯಾವ ಕೋಣೆಗೆ ಎಂದು ಹೇಳಲಿ. ಎಣಿಕೆ ಮುಗಿಯುವ ಮುಂಚೆಯೇ ‘ಇಲ್ಲೊಂದು ಸಹಿ’ ಎಂದು ಕಾಗದ ಮುಂದೆ ಬರುತ್ತದೆ. ಅದರಲ್ಲಿ ‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಅಚ್ಚಾಗಿರುತ್ತದೆ. ಹಸಿಯಾದ, ಹರಿದ, ಒಳಗೆ ಗಲಗಲ ಎನ್ನುವ ಪೆಟ್ಟಿಗೆಗಳ ಸಂಖ್ಯೆಯನ್ನು ಅದೇ ಕಾಗದದ ಮೇಲೆ ಬರೆದು, ‘ಉಳಿದವನ್ನು ಬಿಚ್ಚಿ ನೋಡಿಲ್ಲ’ ಎಂದು ಸೇರಿಸಿ, ಆಮೇಲೆ ಸಹಿ ಹಾಕಿ. ಒಡೆದದ್ದನ್ನು ಎಸೆಯಬೇಡಿ. ವಿಮೆಯ ಸರ್ವೇಯರ್ ನೋಡುವವರೆಗೆ ಅದು ಪೆಟ್ಟಿಗೆಯಲ್ಲೇ ಇರಲಿ.

ನಷ್ಟಕ್ಕೆ ಕೇಸು ಹಾಕುವುದಾದರೆ ಬುಕ್ಕಿಂಗ್ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸ್ ತಲುಪಿರಬೇಕು ಎನ್ನುತ್ತದೆ 2007ರ ಕಾಯ್ದೆ. ಎಣಿಕೆ ಶುರುವಾಗುವುದು ನೀವು ಅಟ್ಟದ ಮೇಲಿಟ್ಟ ಪೆಟ್ಟಿಗೆಯನ್ನು ಬಿಚ್ಚಿದ ದಿನದಿಂದಲ್ಲ. ‘ಸಂಕ್ರಾಂತಿಗೆ ಬಿಚ್ಚೋಣ’ ಎಂದು ಒಂದನ್ನೂ ಹಾಗೇ ಇಡಬೇಡಿ. ದೂರು ಕೊಡಲು ಬೆಂಗಳೂರಿಗೆ ಮರಳಬೇಕಾಗಿಯೂ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಕೆಲವು ಜಗಳ ಅಲ್ಲೇ ಮುಗಿಯುತ್ತವೆ. ಎಲ್ಲಿ ಹೋದರೂ ಅವರು ಮೊದಲು ಕೇಳುವುದು ಕೊಟೇಷನ್, ಎಲ್‌ಆರ್, ಪಟ್ಟಿ, ವಿಮೆ ಸರ್ಟಿಫಿಕೇಟ್ – ಈ ನಾಲ್ಕನ್ನೇ. ಕೊನೆಯ ಪೆಟ್ಟಿಗೆ ಬಿಚ್ಚಿ, ಅದರ ರಟ್ಟನ್ನು ರದ್ದಿಗೆ ಹಾಕಿದ ಮೇಲೂ ಆರು ತಿಂಗಳವರೆಗೆ ಆ ಫೈಲನ್ನು ರದ್ದಿಗೆ ಹಾಕಬೇಡಿ.